ಅಕ್ಕ ಎತ್ತಿಟ್ಟ ಬ್ಯಾಟರಿ

ಡ್ರೋನ್ ಹಾರಿಸುತ್ತಿದ್ದ ಅಕ್ಕನ ಕೈಯಿಂದ ರಿಮೋಟ್ ಕಿತ್ತು, ಅವಳೇ ಕೆಲಸ ಕಲಿಸಿದ್ದ ತಂಗಿಗೆ ಸ್ಟುಡಿಯೋ ಯಜಮಾನ ಕೊಟ್ಟ. ಅಕ್ಕನಿಗೆ ಉಳಿದದ್ದು ಬ್ಯಾಟರಿ ಚಾರ್ಜ್ ಮಾಡುವ ಕೆಲಸ. ಬಸ್ ನಿಲ್ದಾಣದ ಬೆಂಚಿನಲ್ಲಿ ಪಕ್ಕ ಕುಳಿತಿದ್ದ ದರ್ಜಿ ಹೆಂಗಸಿಗೆ ಇಷ್ಟೂ ತಿಳಿದದ್ದು ಅವರಿಬ್ಬರ ಜಗಳದಿಂದಲೇ. ತಂಗಿಯ ಮಡಿಲಲ್ಲಿ ಎರಡು ಬ್ಯಾಟರಿಗಳು ದಿಂಬಿನಂತೆ ಊದಿಕೊಂಡಿದ್ದವು.

“ಫುಲ್ ಚಾರ್ಜ್ ಮಾಡಿ ತಿಂಗಳುಗಟ್ಟಲೆ ಕಪಾಟಲ್ಲಿ ಇಟ್ಟಿದ್ದೀಯಲ್ಲ ಅಕ್ಕ, ಅದಕ್ಕೇ ಊದಿವೆ. ಎತ್ತಿಡೋವಾಗ ಅರ್ಧ ಚಾರ್ಜ್ ಸಾಕು, ಸೆಲ್ಲಿಗೆ ಮೂರು ಪಾಯಿಂಟ್ ಎಂಟು ವೋಲ್ಟ್ ಅಂತ ಕಲಿಸಿದವಳೇ ನೀನು.”

“ಮರ್ತೆ.”

“ನಿನ್ನ ಸ್ವಂತ ಬ್ಯಾಟರಿ ವಿಷಯದಲ್ಲಿ ಮಾತ್ರ ಆ ಮರೆವು ಬರಲಿಲ್ಲ ನೋಡು.”

“ಹೊಟ್ಟೆ ಉರೀತು ಕಣೇ. ಸಾಕಾ?”

“ನಾಳೆ ಮದುವೇಲಿ ಡ್ರೋನ್ ಹಾರಿಸದಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ. ಇವನ್ನೇ ಒಂದ್ಸಲ ಚಾರ್ಜಿಗೆ ಹಾಕಿಕೊಡು.”

“ಊದಿರೋದನ್ನ ಹಾಕಿದ್ರೆ ಬೆಂಕಿ ಹತ್ತುತ್ತೆ. ಹಾಕಲ್ಲ.”

“ಹಾಗಾದ್ರೆ ನಿನ್ನವು ಕೊಡು. ಯಜಮಾನ್ರೂ ಇಸ್ಕೊಂಡು ಬಾ ಅಂದಿದ್ದಾರೆ.”

ಬಸ್ಸು ಬಂತು. ಅಕ್ಕ ತನ್ನ ಸ್ವಂತ ಬ್ಯಾಟರಿಗಳಿದ್ದ ಚೀಲವನ್ನು ಎದೆಗವಚಿಕೊಂಡು ಎದ್ದಳು.

“ನಾನು ಹಾರಿಸೋ ಹಾಗಿದ್ರೆ ಇವೂ ಬರ್ತವೆ. ಇಲ್ಲಾಂದ್ರೆ ಅವನಿಗೂ ಕೊಡಲ್ಲ, ನಿನಗೂ ಕೊಡಲ್ಲ. ಹೋಗಿ ಹೇಳು.”