ಬಾಗಿಲಲ್ಲಿ ಉಳಿದ ಚಪ್ಪಲಿ

ಸಾತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಪೇಚಿಯಮ್ಮ ಇಬ್ಬರನ್ನೂ ಗುರುತಿಸಿದಳು. ಹಿರಿಯಳು ಮಾಡತ್ತಿ, ಹೋದ ತಿಂಗಳು ಪಟಾಕಿ ಕಾರ್ಖಾನೆಯ ಬೆಂಕಿಯಲ್ಲಿ ಸತ್ತ ಮೇಸ್ತ್ರಿ ಸುಡಲೈಮುತ್ತುವಿನ ಹೆಂಡತಿ. ಕಿರಿಯಳು ಅದೇ ಶೆಡ್ಡಿನಲ್ಲಿ ಮದ್ದು ತುಂಬುತ್ತಿದ್ದ ಮುನೀಶ್ವರಿ. ಸುಡುವ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಪೇಚಿಯಮ್ಮನ ಕೈ ಹೂ ಕಟ್ಟುತ್ತಲೇ ಇತ್ತು, ಕಿವಿ ಮಾತ್ರ ಅತ್ತ ಹೋಗಿತ್ತು.

“ಇನ್ನೆಷ್ಟು ದಿನ ಮುಖ ತಪ್ಪಿಸ್ಕೊಂಡು ಓಡಾಡ್ತೀಯೇ?”

“ಯಾವ ಮುಖ ಹೊತ್ಕೊಂಡು ಬರ್ಲಿ ಅಕ್ಕಾ? ಹೊಗೆ ಕಂಡಿದ್ದೇ ಬರಿಗಾಲಲ್ಲೇ ಓಡ್ಬಿಟ್ಟೆ. ಒಳಗೆ ಹೋಗುವಾಗ ಬಿಟ್ಟಿದ್ದ ಚಪ್ಪಲಿ ಬಾಗಿಲಲ್ಲೇ ಉಳೀತು.”

“ಗೊತ್ತು.”

“ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಇದ್ರೂ ಒಳಗೆ ಒಬ್ಬರು ಇದ್ದಾರೆ ಅಂತ, ಅವರು ಹೊರಗೆ ಬರದೆ ನಾನು ಬರಲ್ಲ ಅಂತ ಮೇಸ್ತ್ರಿ ಅಣ್ಣ ದಿನಾ ಹೇಳೋರು. ನನ್ನ ಚಪ್ಪಲಿ ನೋಡಿ ನನ್ನನ್ನ ಹುಡುಕ್ಕೊಂಡೇ ಬೆಂಕಿಯೊಳಗೆ ಹೋದ್ರು. ಒಳಗೆ ಯಾರೂ ಇರ್ಲಿಲ್ಲ ಅಕ್ಕಾ!”

“ಧಣಿ ಕಾರು ಹತ್ತಿ ಓಡಿದ. ಇವರಿಗೂ ಕಾಲಿತ್ತು. ಓಡೋ ಪೈಕಿ ಅಲ್ಲ. ಅದಕ್ಕೇ ಅಲ್ವೇನೇ ನೀವೆಲ್ಲ ಅವರ ಮಾತು ಮೀರ್ತಿರಲಿಲ್ಲ?”

“ಬಯ್ದಾದ್ರೂ ಬಿಡಿ ಅಕ್ಕಾ.”

ಮಾಡತ್ತಿ ಚೀಲದಿಂದ ನೀಲಿ ಚಪ್ಪಲಿ ತೆಗೆದಳು. ಒಂದರ ಅಂಚು ಕರಗಿತ್ತು.

“ಪೊಲೀಸರು ಅವರ ಸಾಮಾನಿನ ಜೊತೆ ಇದನ್ನೂ ಕೊಟ್ರು. ಹಾಕ್ಕೋ.”

“ಬೇಡ. ಈ ಜನ್ಮದಲ್ಲಿ ನಾನು ಚಪ್ಪಲಿ ಮೆಟ್ಟಲ್ಲ.”

“ಹಾಕ್ಕೊಳ್ಳೇ ಮಗಳೇ. ನೀನಿದನ್ನ ಮೆಟ್ಟಿ ನಡೆಯೋವರೆಗೂ ಅವರು ಒಳಗೇ ಹುಡುಕ್ತಿರ್ತಾರೆ.”

ಕೋವಿಲ್‌ಪಟ್ಟಿ ಬಸ್ಸು ಬಂತು. ಜನ ನುಗ್ಗಿದರು. ಮಾಡತ್ತಿ ಎಲ್ಲರನ್ನೂ ಮುಂದೆ ಬಿಟ್ಟಳು, ನೀಲಿ ಚಪ್ಪಲಿ ಮೆಟ್ಟಿದ್ದ ಮುನೀಶ್ವರಿಯನ್ನು ಬೆನ್ನು ಹಿಡಿದು ಹತ್ತಿಸಿದಳು, ಕೆಳಗೆ ಇನ್ನು ಯಾರೂ ಉಳಿದಿಲ್ಲವೆಂದು ಒಮ್ಮೆ ತಿರುಗಿ ನೋಡಿ, ಕೊನೆಗೆ ತಾನು ಹತ್ತಿದಳು.