ದಿಂಬಿನ ಮೇಲೆ ಬಿಸ್ಕತ್ತಿನ ಪುಡಿ

ಅಮೆರಿಕದ ಡುಲೂತಿನ ದಿನಸಿ ಅಂಗಡೀಲಿ ಬಿಲ್ಲಿಗೆ ನಿಂತಿದ್ದೆ. ಮುಂದೆ ಗಂಡ-ಹೆಂಡತಿ, ಟ್ರಾಲಿ ಸೀಟಲ್ಲಿ ಅವರ ಪುಟ್ಟ ಮಗಳು. ಹೆಂಡತಿ ಪೊಟ್ಟಣದ ಹಿಂದಿನ ಸಣ್ಣಕ್ಷರಾನ ಪಿಕ್ಚರಲ್ಲಿ ಬರೋ ಇನ್ಸ್‌ಪೆಕ್ಟರ್ ಥರ ವಿಚಾರಣೆ ಮಾಡ್ತಿದ್ಳು.

“ಇದ್ರಲ್ಲೂ ಸೋಯಾ ಇದೆ, ವಾಪಸ್ ಇಡು ಲೈಲ್. ಇವಳಿಗೆ ಯಾವುದು ಆಗಲ್ಲ ಅಂತ ಗೊತ್ತಾಗೋವರೆಗೂ ಅನ್ನ, ಕುರಿಮಾಂಸ, ಪೇರ್ ಹಣ್ಣು ಅಷ್ಟೇ ಅಂದಿದಾರೆ ಡಾಕ್ಟ್ರು.”

“ಅಷ್ಟೇ ಕೊಡ್ತಿದೀವಲ್ಲ ಗ್ರೆಟಾ. ಆದ್ರೂ ಭಾನುವಾರ ಬಂದ್ರೆ ಇವಳ ಗಂಟಲು ಊದ್ಕೊಳ್ಳುತ್ತೆ.”

“ಯಾರೋ ಕದ್ದು ತಿನ್ನಿಸ್ತಿದಾರೆ. ಇವಳ ದಿಂಬಿನ ಮೇಲೆ ವಾಲ್ನಟ್ ಬಿಸ್ಕತ್ತಿನ ಪುಡಿ ಇತ್ತು.”

“ನನ್ನನ್ಯಾಕೆ ಹಂಗ್ ನೋಡ್ತೀಯಾ? ನಾನಲ್ಲ ಕಣೇ!”

“ಭಾನುವಾರ ಭಾನುವಾರ ಆ ಬಿಸ್ಕತ್ತು ಮಾಡ್ತಿದ್ದಿದ್ದು ನಿಮ್ಮಮ್ಮ ಒಬ್ರೇ. ‘ಅಲರ್ಜಿಯಂತೆ ಅಲರ್ಜಿ! ಒಂದ್ ಚೂರು ತಿಂದ್ರೆ ಮಗು ಕರಗೋಗುತ್ತಾ?’ ಅಂತಿದ್ರಲ್ಲ.”

“ಲೇ, ಅಮ್ಮ ಜನವರೀಲೇ ಹೋದ್ರು.”

“ಹೋದ್ರು. ಆದ್ರೆ ಇನ್ನೂ ಮಣ್ಣು ಮಾಡಿಲ್ವಲ್ಲ. ಹಿಮ ಕರಗಿ ನೆಲ ಅಗೆಯಕ್ಕಾಗೋವರೆಗೂ ಪೆಟ್ಟಿಗೆ ಸ್ಮಶಾನದ ಕೋಣೇಲೇ ತಾನೇ ಇರೋದು?”

“ಸುಮ್ನಿರು, ಟಿಲ್ಡಾ ಕೇಳಿಸ್ಕೊಳ್ತಿದಾಳೆ.”

ನಾನು ನನ್ನ ಸಾಮಾನು ಕೌಂಟರ್ ಮೇಲೆ ಜೋಡಿಸ್ದೆ.

ಬಿಲ್ಲಾಯ್ತು, ಹೊರಟ್ರು. ಟಿಲ್ಡಾ ತಿರುಗಿ ನನ್ನ ಬೆನ್ನ ಹಿಂದೆ ಯಾರನ್ನೋ ನೋಡಿ ನಕ್ಕು, ತುತ್ತಿಗೆ ಕಾಯೋ ಥರ ‘ಆ’ ಅಂತ ಬಾಯಿ ತೆರೆದ್ಳು.

ಕ್ಯೂನಲ್ಲಿ ಕೊನೆಯವನು ನಾನೇ.