ದೋಣಿಯ ತಳದ ತೇಪೆ

ವಿಸ್ಕಾನ್ಸಿನ್‌ನ ನಮ್ಮೂರಲ್ಲಿ ಬಾತುಕೋಳಿ ಬೇಟೆ ಶುರುವಾಗುವ ಮುಂಚಿನ ಶನಿವಾರ. ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ವೆಂಡೆಲ್ ಮತ್ತು ಅವನ ಅಕ್ಕ ಆರ್ಲಿಸ್ ನಿಂತಿದ್ದರು. ಅವಳ ಕೈಯಲ್ಲಿ ದೋಣಿಯ ತೂತು ಮುಚ್ಚುವ ರೆಸಿನ್ ಡಬ್ಬಿಯಿತ್ತು.

"ನೀನು ಮೊನ್ನೆ ಕೊಂಡಿದ್ದು ನಾವು ಮಾರಿದ ಹಳೇ ಫೈಬರ್ ದೋಣಿನೇ ಅಂತ ಹೆಂಗೆ ಹೇಳ್ತೀಯೋ?" ಅಂದಳು ಆರ್ಲಿಸ್.

"ಉಪ್ಪುಕಾಗದ ಹಾಕಿ ಕಂದು ಬಣ್ಣ ಉಜ್ಜಿದೆ. ಅಡೀಲಿ ಅಪ್ಪ ಬಳಿದಿದ್ದ ಹಸಿರು. ಸೀಟಿನ ಕೆಳಗೆ ನೀನು ಮೊಳೇಲಿ ಕೆತ್ತಿದ ಹೆಸರು."

"ಅಯ್ಯೋ! ವರ್ಲಿನ್ ಚಿಕ್ಕಪ್ಪ ಮುಳುಗಿ ಸತ್ತ ದೋಣಿ ಕಣೋ ಅದು!"

"ಮೆತ್ತಗೆ ಮಾತಾಡು. ತಳದ ತೇಪೆ ಕಿತ್ತೆ ಅಕ್ಕ. ಅದು ನೀರಲ್ಲಿದ್ದ ಮರದ ಬೊಡ್ಡೆ ಹೊಡೆದ ತೂತಲ್ಲ. ಒಳಗಿಂದ ಗುಂಡು ಹಾರಿದ್ದು."

"ಏನಂದೆ?"

"ಮುಂದಿನ ಸೀಟಲ್ಲಿ ಚಿಕ್ಕಪ್ಪ ಕಾಲಿಟ್ಟಿದ್ದ ಜಾಗದಲ್ಲಿ. ಅಪ್ಪ ಹಿಂದೆ ಮೋಟರ್ ಹಿಡ್ಕೊಂಡಿದ್ರಲ್ಲ."

"ಅಂದ್ರೆ ಚಿಕ್ಕಪ್ಪನ ಬಂದೂಕೇ... ಹಾಗಾದ್ರೆ ನಾನೇ ಕುಡಿದು ದೋಣೀನ ಬೊಡ್ಡೆಗೆ ಗುದ್ದಿಸಿದೆ ಅಂತ ಅಪ್ಪ ಯಾಕೆ ಒಪ್ಕೊಂಡ್ರು?"

"ಸತ್ತೋನ ಮೇಲೆ ತಪ್ಪು ಹೊರಿಸೋಕೆ ಮನಸ್ಸು ಬರಲಿಲ್ವೇನೋ. ನಾನು ದೋಣಿ ಮನೆಗೆ ತಂದ ದಿನ ಅಪ್ಪ ಹೇಳಿದ್ದು ಒಂದೇ ಮಾತು: 'ಆ ತೇಪೆ ಮಾತ್ರ ಮುಟ್ಟಬೇಡ.'"

ಆರ್ಲಿಸ್ ಬಾಯಿಗೆ ಕೈ ಇಟ್ಟುಕೊಂಡಳು.

"ಚಿಕ್ಕಮ್ಮ ಇವತ್ತಿಗೂ ಚರ್ಚಲ್ಲಿ ಅಪ್ಪನ್ನ ಕಂಡ್ರೆ ಎದ್ದು ಬೇರೆ ಬೆಂಚಿಗೆ ಹೋಗ್ತಾರೆ."

"ಅಪ್ಪ ಮುಚ್ಚಿಟ್ಟಿದ್ದು ಯಾರಿಗೂ ಗೊತ್ತಾಗೋದು ಬೇಡ, ತೂತನ್ನ ಬೇಗ ಮುಚ್ಚಿಬಿಡ್ತೀನಿ."

"ಮುಚ್ಚಬೇಡ. ಚಿಕ್ಕಮ್ಮ ಬಂದು ನೋಡಲಿ."

"ಅಪ್ಪ ನಮ್ಮನ್ನ ಕ್ಷಮಿಸಲ್ಲ."

"ಕ್ಷಮಿಸದಿದ್ರೆ ಬೇಡ. ಅವರು ಬೈಸಿಕೊಂಡಿದ್ದು ಸಾಕು."

ಡಬ್ಬಿಯನ್ನು ಅಲ್ಲೇ ಹಲಗೆಯ ಮೇಲಿಟ್ಟು ಅವಳು ಬಾಗಿಲತ್ತ ನಡೆದಳು. ವೆಂಡೆಲ್ ಹಿಂದೆಯೇ ಓಡಿದ.